ಅದೃಶ್ಯದ ಎಣಿಕೆ

ಬೀಟಾಕ್ಷಯದಲ್ಲಿ ಲೆಕ್ಕಕ್ಕೆ ಸಿಗದ ಶಕ್ತಿಯನ್ನು ಕಾಣದ ಕಣವೊಂದು ಒಯ್ಯುತ್ತಿರಬೇಕೆಂದು ೧೯೩೦ರಲ್ಲಿ ಪೌಲಿ ಎಂಬ ವಿಜ್ಞಾನಿಗಳು ಊಹಿಸಿದರು. ಅದೇ ನ್ಯೂಟ್ರಿನೋ. ಅದರ ಪ್ರಭೇದಗಳು ಒಂದಕ್ಕಿಂತ ಹೆಚ್ಚೆಂದು ತಿಳಿದ ಮೇಲೆ, ಒಟ್ಟು ಎಷ್ಟೆಂಬ ಪ್ರಶ್ನೆ ಉಳಿಯಿತು. ದ್ರವ್ಯದ ಕುಟುಂಬಗಳೆಷ್ಟೆಂಬುದೂ ಅದರಲ್ಲಿಯೇ ಅಡಗಿದ್ದಿತು.

೧೯೮೯ರಲ್ಲಿ ಜಿನೀವಾ ನಗರದ ಬಳಿ, ೨೭ ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ, ಸರ್ನ್ ಸಂಸ್ಥೆಯ ಲೆಪ್ ಯಂತ್ರವು ಎಲೆಕ್ಟ್ರಾನು ಪಾಸಿಟ್ರಾನುಗಳನ್ನು ಪರಸ್ಪರ ಘಟ್ಟಿಸಿ ಜೆಡ್ ಕಣಗಳನ್ನು ಹುಟ್ಟಿಸತೊಡಗಿತು. ಜೆಡ್ ಹುಟ್ಟಿದೊಡನೆಯೇ ಅಳಿಯುವುದು. ಅಳಿವಿನ ಐದನೆಯ ಒಂದು ಪಾಲು ನ್ಯೂಟ್ರಿನೋಗಳಾಗಿ, ಯಾವ ಶೋಧಕಕ್ಕೂ ಸುಳಿವುಗೊಡದೆ ಹೊರಟುಹೋಗುವುದು. ಹೋದುದನ್ನು ಎಣಿಸುವುದೆಂತು? ಅಳಿಯುವ ದಾರಿಗಳು ಹೆಚ್ಚಿದಷ್ಟೂ ಜೆಡ್ಡಿನ ಆಯುಸ್ಸು ಕುಗ್ಗುವುದು. ಘರ್ಷಣೆಯ ಶಕ್ತಿಯನ್ನು ಏರಿಸುತ್ತ ಹೋದಾಗ ೯೧ ಗಿಗಾ ಎಲೆಕ್ಟ್ರಾನ್ ವೋಲ್ಟಿನ ಸುಮಾರಿಗೆ ಮೂಡುವ ಶಿಖರವು ತಗ್ಗಿ ಅಗಲವಾಗುವುದು. ಅದನ್ನು ಅಳೆದು, ಕಂಡ ಕ್ಷಯಗಳ ಪಾಲನ್ನು ಕಳೆದರೆ ಉಳಿದುದೇ ಕಾಣದ್ದರ ಪಾಲು. ಹಗಲುಣ್ಣದ ದೇವದತ್ತನು ಪುಷ್ಟನಾಗಿದ್ದರೆ ರಾತ್ರಿ ಉಣ್ಣುವನೆಂಬ ಮೀಮಾಂಸಕರ ಅರ್ಥಾಪತ್ತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಅದೇ ವರ್ಷದ ಅಕ್ಟೋಬರಿನಲ್ಲಿ ನಾಲ್ಕು ಪ್ರಯೋಗತಂಡಗಳೂ ಮೂರೆಂದವು. ೨೦೦೬ರ ಸಮಗ್ರ ಗಣನೆಯಲ್ಲಿ ೨.೯೮೪ ಬಂದಿತು, ೨೦೨೦ರಲ್ಲಿ ತಿದ್ದಿದಾಗ ೨.೯೯೬. ಆದರೆ ಎಣಿಕೆಗೆ ಒಳಪಟ್ಟುದು ಜೆಡ್ಡಿನ ತೂಕದ ಅರ್ಧಕ್ಕಿಂತ ಹಗುರವಾದ ಪ್ರಭೇದಗಳು ಮಾತ್ರ. ಅದಕ್ಕೂ ಭಾರವಾದುವು ಇದ್ದರೆ ಈ ತಕ್ಕಡಿಗೆ ಸಿಗಲಾರವು.