ಘಟ್ಟಕ್ಕೆ ತಡವಾಗಿ ಬಂದ ಎಂಟು ಗಂಟೆ

ಮೇ ಒಂದನೇ ತಾರೀಖು ನಮ್ಮ ಕಡೆ ತೋಟಕ್ಕೆ ರಜ. ಮೂಡಿಗೆರೆ ಇರ್ಲಿ, ಕಳಸ ಇರ್ಲಿ, ಅಷ್ಟೊತ್ತಿಗೆ ಕಾಫಿ ಕುಯ್ದು, ಕಣದಲ್ಲಿ ಒಣಗ್ಸಿ, ಮೂಟೆ ಕಟ್ಟಿ ಆಗಿರುತ್ತೆ. ಹೂ ಮಳೆನೂ ಬಂದು ಹೋಗಿರುತ್ತೆ. ಮಳೆಗಾಲ ಹಿಡಿಯೋದ್ರೊಳಗೆ ಮರಗಸಿ, ಗೊಬ್ಬರ ಮುಗಿಸ್ಬೇಕು ಅನ್ನೋ ಗಡಿಬಿಡಿ ಬೇರೆ. ಹಂಗಾಗಿ ಈ ರಜ ಯಾಕೆ ಬಂತು ಅಂತ ಕೇಳೋರೂ ಕಮ್ಮಿ, ಹೇಳೋರೂ ಕಮ್ಮಿ.

ಶುರುವಾಗಿದ್ದು ಅಮೆರಿಕದ ಷಿಕಾಗೋದಲ್ಲಿ. 1886ರ ಮೇ 1ರಂದು ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗೆ ಬಂದ್ರು. ಕೇಳಿದ್ದು ದಿನಕ್ಕೆ ಎಂಟೇ ಗಂಟೆ ಕೆಲಸ. ಮೂರು ದಿನ ಬಿಟ್ಟು ಹೇಮಾರ್ಕೆಟ್ ಸಭೆಯಲ್ಲಿ ಯಾರೋ ಬಾಂಬು ಎಸೆದ್ರು. ಎಸೆದವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ, ಆದ್ರೆ ಮರುವರ್ಷ ನಾಲ್ಕು ಜನರನ್ನ ಗಲ್ಲಿಗೇರಿಸಿದ್ರು. 1889ರಲ್ಲಿ ಪ್ಯಾರಿಸ್ಸಿನ ಸಮಾವೇಶ ಮೇ 1ನ್ನು ಎಲ್ಲ ದೇಶದ ಕಾರ್ಮಿಕರ ದಿನ ಮಾಡಿತು. ತಮಾಷೆ ನೋಡಿ, ಅಮೆರಿಕದವ್ರು ಮಾತ್ರ ತಮ್ಮ ರಜವನ್ನ ಸೆಪ್ಟೆಂಬರಿಗೆ ಇಟ್ಕೊಂಡಿದ್ದಾರೆ. ನಮ್ಮ ದೇಶದಲ್ಲಿ 1923ರಲ್ಲಿ ಮದರಾಸಿನಲ್ಲಿ ಸಿಂಗಾರವೇಲು ಚೆಟ್ಟಿಯಾರ್ ಮೊದಲು ಆಚರಿಸಿದ್ರು.

ಆ ಎಂಟು ಗಂಟೆ ಘಟ್ಟ ಹತ್ತೋಕೆ ಮಾತ್ರ ಭಾರಿ ಕಾಲ ಹಿಡೀತು ಮಾರಾಯ್ರೆ. ಇಲ್ಲಿಗೆ ಆಳು ಬರ್ತಿದ್ದದ್ದೇ ಮುಂಗಡದ ಮೇಲೆ. ಘಟ್ಟದ ಕೆಳಗಿಂದ, ತಮಿಳು ಸೀಮೆಯಿಂದ ಮೇಸ್ತ್ರಿ ದುಡ್ಡು ಕೊಟ್ಟು ಕರ್ಕೊಂಡು ಬರೋನು. ಮುಂಗಡ ತಗೊಂಡು ಕೆಲಸ ಬಿಟ್ಟೋದ್ರೆ ಜೈಲು ಅಂತ ಬ್ರಿಟಿಷರು 1859ರಲ್ಲೇ ಕಾನೂನು ಮಾಡಿದ್ರು. ಕೂಲಿ ಕೊಡದ ಧಣಿಗೆ ಜೈಲು ಅಂತ ಅದ್ರಲ್ಲಿ ಇರ್ಲಿಲ್ಲ. 1920ರ ದಶಕದ ನಡುವಿನ ತನಕ ಅದು ಬದುಕಿತ್ತು.

ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ಕೊಳ್ತಿದ್ದ ಕಾಲದಲ್ಲಿ, 1946ರಲ್ಲಿ, ಕಾರ್ಖಾನೆಯವರಿಗೆ ವಾರಕ್ಕೆ 48 ಗಂಟೆ ಆಯ್ತು. ತೋಟದವರಿಗೆ 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. ಒಳ್ಳೇ ಕಾಯ್ದೆ, ಸುಳ್ಳು ಹೇಳ್ಬಾರ್ದು. ಲೈನು ಮನೆ, ಕುಡಿಯೋ ನೀರು, ಔಷಧಿ, 50 ಹೆಣ್ಣಾಳು ಇದ್ದಲ್ಲಿ ಮಕ್ಕಳನ್ನ ಬಿಡೋಕೆ ಒಂದು ಜಾಗ, ಎಲ್ಲ ಅದ್ರಲ್ಲಿತ್ತು. ಮಳೆಗೆ ಕೊಡೆ, ಚಳಿಗೆ ಕಂಬಳಿ ಕೊಡಿಸೋ ನಿಯಮ ಮಾಡ್ಬಹುದು ಅಂತ್ಲೂ ಇತ್ತು. ಕಂಬಳಿ ಅಂತ ಬರೆದ ಕಾನೂನು ಎಷ್ಟಿದ್ದಾವು! ಆದ್ರೆ ಗಂಟೆ ಮಾತ್ರ ವಾರಕ್ಕೆ 54. ಆರು ದಿನಕ್ಕೆ ಹಂಚಿ ನೋಡಿ, ಒಂಬತ್ತಾಗುತ್ತೆ. ಅದು 48ಕ್ಕೆ ಇಳಿದಿದ್ದು 1981ರ ತಿದ್ದುಪಡಿಯಲ್ಲಿ. ಷಿಕಾಗೋದಿಂದ ಇಲ್ಲಿಗೆ ತೊಂಬತ್ತೈದು ವರ್ಷ.

ಅದೂ ದೊಡ್ಡ ತೋಟಕ್ಕೆ. ಆ ತಿದ್ದುಪಡಿ ಪ್ರಕಾರ ಐದು ಹೆಕ್ಟೇರು ಜಾಗ, ಹದಿನೈದು ಆಳು ಇದ್ರೆ ಮಾತ್ರ ಕಾಯ್ದೆ ಲೆಕ್ಕಕ್ಕೆ ಬರ್ತಿತ್ತು. ಕಾಫಿಯಲ್ಲಿ ಸಣ್ಣ ಹಿಡುವಳಿಯೇ ಹೆಚ್ಚು. ಕೊಯ್ಲಲ್ಲಂತೂ ಗಂಟೆ ಯಾರು ನೋಡ್ತಾರೆ? ಕೆಜಿಗಿಷ್ಟು ಅಂತ ಕೂಲಿ, ಸಂಜೆ ತಕ್ಕಡಿ ಮುಂದೆ ಸಾಲು ನಿಲ್ಲಬೇಕು. ಈಗ ಅಸ್ಸಾಮಿಂದ ಬರೋರೂ ಆ ಸಾಲಲ್ಲಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮೇ 1 ಸಂಬಳದ ರಜ. ಗುತ್ತಿಗೆ ಮೇಲೆ ಬಂದವರಿಗೆ ಬರೀ ಕೆಲಸ ಇಲ್ಲದ ದಿನ, ಅವತ್ತಿನ ಕೂಲಿ ಖೋತಾ.

ಹೆಂಗಸರ ಲೆಕ್ಕ ಇನ್ನೂ ಬೇರೆ. ತೋಟದ ಎಂಟು ಗಂಟೆ ಮುಗಿಸಿ ಬಂದು ನೀರು, ಸೌದೆ, ಅಡುಗೆ ಶುರು. ಮೇ ಒಂದರ ಬೆಳಿಗ್ಗೆ ಲೈನಿನ ಹಿಂದೆ ಹೋಗಿ ನೋಡಿ, ತಂತಿ ತುಂಬ ವಾರದ ಬಟ್ಟೆ ಒಣಗ್ತಿರುತ್ತೆ. ಗಂಡಸರು ಪೇಟೆಗೆ ಹೋಗಿರ್ತಾರೆ.