ಪಾಸ್‌ಪೋರ್ಟ್ ಅರ್ಜಿ: ಹೊರನಾಡ ಕನ್ನಡ ಕುಟುಂಬಗಳು ಗಮನಿಸಬೇಕಾದ ಸಂಗತಿಗಳು

ಮಕ್ಕಳ ಉನ್ನತ ವ್ಯಾಸಂಗ, ಕೊಲ್ಲಿ ನಾಡಿನ ಉದ್ಯೋಗ, ಪರದೇಶದಲ್ಲಿ ನೆಲೆಸಿದ ಮಗಳ ಬಾಣಂತನ ಮುಂತಾದ ಕಾರಣಗಳಿಂದ ನಮ್ಮ ಹೊರನಾಡ ಕನ್ನಡ ಕುಟುಂಬಗಳಿಗೆ ಪಾಸ್‌ಪೋರ್ಟ್ ಅನಿವಾರ್ಯವಾಗಿದೆ. ಅರ್ಜಿ ತುಂಬುವುದು ಕಷ್ಟದ ಕೆಲಸವಲ್ಲ. ತೊಡಕು ಹುಟ್ಟುವುದು ಬಹುಮಟ್ಟಿಗೆ ನಮ್ಮ ಹೆಸರುಗಳಲ್ಲಿ ಮತ್ತು ಊರಿನಲ್ಲಿ ಉಳಿದುಹೋದ ದಾಖಲೆಗಳಲ್ಲಿ. ಆದಕಾರಣ ಆ ವಿಷಯವನ್ನೇ ಇಲ್ಲಿ ತುಸು ವಿಸ್ತಾರವಾಗಿ ನಿರೂಪಿಸುತ್ತೇವೆ.

ಇಂದಿನ ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯು 2010ರಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಮೊದಲು ಆಯ್ಕೆಯಾದ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ಅಂಚೆ ಕಚೇರಿಯಲ್ಲಿ ಈ ಸೇವೆ ಒದಗಿಸುವ ಯೋಜನೆಯು 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ಗಳಿಂದ ಮೊದಲ್ಗೊಂಡಿತು ಎಂಬುದನ್ನು ಅಭಿಮಾನದಿಂದ ಸ್ಮರಿಸಬಹುದು. 2018ರಿಂದ ದೇಶದ ಯಾವ ಪಾಸ್‌ಪೋರ್ಟ್ ಕಚೇರಿಯನ್ನಾದರೂ ಆಯ್ದುಕೊಳ್ಳುವ ಅವಕಾಶವಿದೆ. ಆದರೆ ಪೊಲೀಸ್ ಪರಿಶೀಲನೆ ನಡೆಯುವುದು ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿಯೇ. ಮುಂಬಯಿಯಲ್ಲಿ ವಾಸಿಸುತ್ತ, ಆಧಾರ್‌ನಲ್ಲಿ ಇನ್ನೂ ಊರಿನ ಮನೆಯ ವಿಳಾಸವನ್ನು ಉಳಿಸಿಕೊಂಡವರು ಮೊದಲು ಅದನ್ನು ತಿದ್ದಿಸಿಕೊಳ್ಳುವುದು ಲೇಸು.

ಅರ್ಜಿಯನ್ನು ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿಯೇ ತುಂಬಬೇಕು. ಇದೇ ಬಗೆಯ ಹೆಸರಿಟ್ಟುಕೊಂಡು ಹೆಚ್ಚು ಹಣ ಕೀಳುವ ನಕಲಿ ತಾಣಗಳಿರುವುದರಿಂದ ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಎಂದಿರುವುದನ್ನು ನೋಡಿಕೊಳ್ಳಬೇಕು. ವಯಸ್ಕರಿಗೆ 36 ಪುಟಗಳ ಪುಸ್ತಿಕೆಗೆ ರೂ. 1500, ಮಕ್ಕಳಿಗೆ ರೂ. 1000 ಶುಲ್ಕ. ತತ್ಕಾಲ್ ಬೇಕಾದರೆ ಇನ್ನೂ ರೂ. 2000. ಎಂಟು ವರ್ಷದೊಳಗಿನ ಮಕ್ಕಳಿಗೂ ಅರವತ್ತು ದಾಟಿದ ಹಿರಿಯರಿಗೂ ಹೊಸ ಅರ್ಜಿಯಲ್ಲಿ ಶೇ. 10 ರಿಯಾಯಿತಿ ಇದೆ. ಶುಲ್ಕ ಕಟ್ಟಿ ದಿನ ಗೊತ್ತುಮಾಡಿಕೊಂಡ ಮೇಲೆ ಮೂಲ ದಾಖಲೆಗಳೊಂದಿಗೆ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಎ, ಬಿ, ಸಿ ಎಂಬ ಮೂರು ಹಂತದ ಕೌಂಟರುಗಳು. ಮೊದಲನೆಯದರಲ್ಲಿ ಭಾವಚಿತ್ರ ಹಾಗೂ ಬೆರಳಚ್ಚು, ಉಳಿದೆರಡರಲ್ಲಿ ಅಧಿಕಾರಿಗಳಿಂದ ದಾಖಲೆಗಳ ಪರಿಶೀಲನೆ ಮತ್ತು ಮಂಜೂರಾತಿ.

ಇನ್ನು ಹೆಸರಿನ ವಿಚಾರ. ಹಳೆಯ ಮೈಸೂರು ಪ್ರಾಂತದವರಿಗೆ ಅಡ್ಡಹೆಸರಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಅವರ ಗುರುತು. ಮಹಾರಾಷ್ಟ್ರದ ಶಾಲೆಯಾದರೋ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರನ್ನೂ ಕೇಳುತ್ತದೆ. ಹೀಗಾಗಿ ತಂದೆ ಎಚ್. ಆರ್. ಮಂಜುನಾಥ ಎಂದಿದ್ದರೆ ಮಗಳು ಒಂದು ದಾಖಲೆಯಲ್ಲಿ ಅನನ್ಯಾ ಮಂಜುನಾಥ, ಇನ್ನೊಂದರಲ್ಲಿ ಅನನ್ಯಾ ಎಂ. ಆಗಿರುತ್ತಾಳೆ. ಪಾಸ್‌ಪೋರ್ಟಿನಲ್ಲಿ ಮೊದಲಕ್ಷರಗಳಿಗೆ ಎಡೆಯಿಲ್ಲ, ಹೆಸರನ್ನು ಬಿಡಿಸಿ ಬರೆಯಬೇಕು. ಅಡ್ಡಹೆಸರಿನ ಅಂಕಣವನ್ನು ಖಾಲಿ ಬಿಡಲು ನಿಯಮದಲ್ಲಿ ಅಡ್ಡಿಯಿಲ್ಲವಾದರೂ ಅದು ಜಾಣತನವೆಂದು ನಮಗೆ ತೋರುವುದಿಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಒಂದೇ ಹೆಸರುಳ್ಳ ಪಾಸ್‌ಪೋರ್ಟಿನ ಪ್ರವಾಸಿಗಳಿಗೆ ಪ್ರವೇಶ ನಿರಾಕರಿಸಿತ್ತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದವರಿಗೆ ಆಮೇಲೆ ಸಡಿಲಿಕೆ ದೊರೆಯಿತು. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಅಡ್ಡಹೆಸರಾಗಿ ನಿಶ್ಚಯಿಸಿ, ಆಧಾರ್, ಪ್ಯಾನ್, ಶಾಲಾ ದಾಖಲೆಗಳಲ್ಲಿ ಅದನ್ನೇ ಉಳಿಸಿಕೊಳ್ಳತಕ್ಕದ್ದು. ಕರಾವಳಿ ಹಾಗೂ ಉತ್ತರ ಕರ್ನಾಟಕದವರಿಗೆ ಈ ತೊಂದರೆ ಕಡಿಮೆ. ಅವರ ಕಷ್ಟ ಇಂಗ್ಲಿಷ್ ಕಾಗುಣಿತದ್ದು: ಶೆಟ್ಟಿ ಎಂಬುದರ ಕೊನೆಗೆ ಒಂದೆಡೆ ‘ವೈ’, ಮತ್ತೊಂದೆಡೆ ‘ಐ’.

ಹಿರಿಯರ ಜನ್ಮದಿನಾಂಕವೂ ಹೀಗೆಯೇ. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ! ಮನೆಯ ಜಾತಕ ಬೇರೆ ಹೇಳಿದರೂ ಅರ್ಜಿಯಲ್ಲಿ ದಾಖಲೆಯ ದಿನಾಂಕವನ್ನೇ ಬರೆಯುವುದು ಕ್ಷೇಮ. ಅವರಿಗೆ ಜನನ ಪ್ರಮಾಣಪತ್ರವೇ ಬೇಕೆಂದಿಲ್ಲ. ಶಾಲೆ ಬಿಟ್ಟ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ಯಾನ್ ಮೊದಲಾದವೂ ನಡೆಯುತ್ತವೆ.

ಮಕ್ಕಳ ವಿಷಯದಲ್ಲಿ ಹಾಗಲ್ಲ. 2023ರ ಅಕ್ಟೋಬರ್ 1ರಂದು ಅಥವಾ ತದನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಪುರಾವೆ ಎಂದು 2025ರ ತಿದ್ದುಪಡಿ ವಿಧಿಸಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿ ನಮ್ಮಲ್ಲಿ ಇನ್ನೂ ಇರುವುದರಿಂದ, ಪುಣೆಯ ಮಗುವಿನ ಜನನ ಉಡುಪಿಯಲ್ಲೋ ಧಾರವಾಡದಲ್ಲೋ ನೋಂದಣಿಯಾಗಿರುತ್ತದೆ. ಎಲ್ಲಿ ಹುಟ್ಟಿತೋ ಅಲ್ಲಿಂದಲೇ ಪ್ರಮಾಣಪತ್ರ ತರಬೇಕು. ನಾಮಕರಣಕ್ಕೆ ಮುನ್ನ ನೋಂದಣಿ ಮಾಡಿಸಿದರೆ ಅದರಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಒಂದು ವರ್ಷದೊಳಗಾದರೆ ಶುಲ್ಕವಿಲ್ಲದೆ, ಬಳಿಕ 15 ವರ್ಷಗಳವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಬಾಣಂತನ ಮುಗಿಸಿ ಹಿಂದಿರುಗುವ ಮೊದಲೇ ಈ ಕೆಲಸ ಪೂರೈಸಿಕೊಂಡರೆ ಇದಕ್ಕಾಗಿಯೇ ಮತ್ತೊಮ್ಮೆ ರೈಲು ಹತ್ತುವ ಪ್ರಮೇಯವಿರದು.

ಮಗುವಿನ ಅರ್ಜಿಯೊಡನೆ ತಂದೆತಾಯಿಯರಿಬ್ಬರೂ ಸಹಿ ಮಾಡಿದ ಅನುಬಂಧ ‘ಡಿ’ ಇರಬೇಕು. ಒಬ್ಬರು ಗಲ್ಫ್ ರಾಷ್ಟ್ರದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ದೃಢೀಕರಿಸಿದ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ತರಿಸಿಕೊಳ್ಳಬೇಕು. ಅದಕ್ಕೆ ವಾರಗಳು ಹಿಡಿಯಬಹುದು. ಒಬ್ಬರ ಸಮ್ಮತಿ ದೊರೆಯದ ಸಂದರ್ಭಕ್ಕೆ ಅನುಬಂಧ ‘ಸಿ’ ಇದೆ. ಒಂಟಿಯಾಗಿ ಮಕ್ಕಳನ್ನು ಬೆಳೆಸುತ್ತಿರುವ ತಾಯಂದಿರು ಹಿಂಜರಿಯಬೇಕಾದುದಿಲ್ಲ. 2016ರ ಡಿಸೆಂಬರಿನ ಬದಲಾವಣೆಯ ಬಳಿಕ ತಂದೆ ಅಥವಾ ತಾಯಿ ಒಬ್ಬರ ಹೆಸರಿದ್ದರೂ ಸಾಕು. ನಾಲ್ಕು ವರ್ಷದೊಳಗಿನ ಮಗುವಿನ ಭಾವಚಿತ್ರವನ್ನು ಬಿಳಿಯ ಹಿನ್ನೆಲೆಯಲ್ಲಿ ತೆಗೆಸಿ ಒಯ್ಯಬೇಕು. ತಂದೆತಾಯಿಯರ ಪಾಸ್‌ಪೋರ್ಟುಗಳಿದ್ದರೆ ಮೂಲವನ್ನೂ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಬೇಕು.

ಮಕ್ಕಳ ಪಾಸ್‌ಪೋರ್ಟ್ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಊರ್ಜಿತ. 15 ದಾಟಿದವರು ವಯಸ್ಕರ ಶುಲ್ಕ ತೆತ್ತು 10 ವರ್ಷದ್ದನ್ನು ಪಡೆಯಬಹುದು. ಅನೇಕ ದೇಶಗಳು ಆರು ತಿಂಗಳ ಅವಧಿ ಬಾಕಿಯಿರಬೇಕೆನ್ನುವುದರಿಂದ ರಜೆಯ ಟಿಕೆಟ್ ಕೊಳ್ಳುವ ಮುನ್ನ ಮಗುವಿನ ಪುಸ್ತಿಕೆಯ ಕೊನೆಯ ದಿನಾಂಕವನ್ನು ನೋಡಿರಿ.

ಪೊಲೀಸ್ ಪರಿಶೀಲನೆಯ ಕರೆ ಬಂದಾಗ ಅರ್ಜಿದಾರರು ಮನೆಯಲ್ಲಿರಬೇಕು. ಮುದ್ರಿತ ಪುಸ್ತಿಕೆಯು ಸ್ಪೀಡ್ ಪೋಸ್ಟ್‌ನಲ್ಲಿ ಬರುತ್ತದೆ. ಅಂಚೆಯವರು ಅದನ್ನು ನೆರೆಯವರ ಇಲ್ಲವೇ ವಸತಿ ಸಂಕೀರ್ಣದ ಕಾವಲುಗಾರನ ಕೈಗೆ ಕೊಡುವುದಿಲ್ಲ. ಆ ದಿನಗಳಲ್ಲಿ ಊರಿನ ಜಾತ್ರೆಗೋ ಮದುವೆಗೋ ಹೊರಡುವವರು ಅಂಚೆ ಕಚೇರಿಯಲ್ಲಿ ವಿಚಾರಿಸಿಯೇ ಹೊರಡುವುದು ಒಳಿತು.