ಟ್ರ್ಯಾಕ್ಟರ್-ಟ್ರಾಲಿಯೋ, ಪಿಕಪ್ ಗಾಡಿಯೋ? ಗಡಿ ಭಾಗದ ರೈತರು ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಬಂದಾಗ ಏಳುವ ಪ್ರಶ್ನೆ ಇದು. ಮಾಲು ಸಾಗಿಸಲು ಪಿಕಪ್ ಗಾಡಿ ಕೊಳ್ಳಬೇಕೆ, ಅಥವಾ ಟ್ರ್ಯಾಕ್ಟರಿಗೆ ಟ್ರಾಲಿ ಜೋಡಿಸಿಕೊಂಡರೆ ಸಾಕೆ? ವಿದೇಶಗಳಲ್ಲಿ ಪ್ರವಾಸ ಹೋಗುವವರು ಮನೆಯಂಥ ವ್ಯಾನ್ ಕೊಳ್ಳುವುದೋ, ಕಾರಿನ ಹಿಂದೆ ಎಳೆಯುವ ಕ್ಯಾರವಾನ್ ಕೊಳ್ಳುವುದೋ ಎಂದು ಹಾಕುವ ಲೆಕ್ಕವೂ ಇಂಥದ್ದೇ. ಇಂಜಿನ್ ಮತ್ತು ಹೊರೆ ಒಂದೇ ಗಾಡಿಯಲ್ಲಿ ಇರಬೇಕೋ, ಬೇರೆ ಬೇರೆ ಇರಬೇಕೋ ಎಂಬುದೇ ಮೂಲ ವಿಷಯ.

ವಿಶೇಷವೆಂದರೆ ಈ ಎರಡೂ ಬಗೆಯ ಯಂತ್ರಗಳಿಗೂ ಜಹೀರಾಬಾದ್ ತವರು. ಮಹೀಂದ್ರ ಕಂಪನಿಯ ಟ್ರ್ಯಾಕ್ಟರ್ ಕಾರ್ಖಾನೆ ಇಲ್ಲಿದೆ. 2015ರಲ್ಲಿ ಮಾರುಕಟ್ಟೆಗೆ ಬಂದ ಜೀತೋ ಎಂಬ ಸಣ್ಣ ಸರಕು ಗಾಡಿಯೂ ಇಲ್ಲಿಂದಲೇ ಹೊರಬಂದದ್ದು.

ದೂರದ ಲೆಕ್ಕ

ತುಂಬಿದ ಟ್ರಾಲಿ ಎಳೆಯುವ ಟ್ರ್ಯಾಕ್ಟರ್ ಗಂಟೆಗೆ 15ರಿಂದ 20 ಕಿ.ಮೀ. ಹೋದರೆ ಹೆಚ್ಚು. ಜಹೀರಾಬಾದಿನಿಂದ ಬೀದರಿಗೆ ಸುಮಾರು 30 ಕಿ.ಮೀ. ಟ್ರಾಲಿಗೆ ಒಂದೂವರೆಯಿಂದ ಎರಡು ಗಂಟೆ ಬೇಕು, ಪಿಕಪ್ಪಿಗೆ ಒಂದು ಗಂಟೆಯೂ ಬೇಡ. ಹೈದರಾಬಾದ್ ಮಾರುಕಟ್ಟೆ 100 ಕಿ.ಮೀ. ಮೇಲಾಗುತ್ತದೆ, ಅಲ್ಲಿಗೆ ಟ್ರಾಲಿಯ ಮಾತೇ ಇಲ್ಲ. ಶುಂಠಿ, ಆಲೂಗಡ್ಡೆ, ತರಕಾರಿ ಬೆಳೆದು ವಾರಕ್ಕೆ ಎರಡು ಸಲ ದೂರದ ಮಂಡಿಗೆ ಹೋಗುವವರಿಗೆ ಪಿಕಪ್ ಲೇಸು. ಹೊಲದಿಂದ ಕಬ್ಬು, ಕಣದಿಂದ ತೊಗರಿ, ಮನೆ ಕಟ್ಟಲು ಮರಳು, ತಾಂಡೂರಿನ ಪರಸಿ ಕಲ್ಲು ಎಂದು ಹತ್ತಿರದ ಭಾರ ಸಾಗಿಸುವವರಿಗೆ ಟ್ರಾಲಿ ಲೇಸು. ಮಳೆಗಾಲದಲ್ಲಿ ನಮ್ಮ ಕಪ್ಪು ಮಣ್ಣಿನ ಹೊಲದ ದಾರಿಯಲ್ಲಿ ಪಿಕಪ್ ಹೂತು ನಿಲ್ಲುವುದನ್ನೂ ಮರೆಯಬಾರದು.

ಒಂದು ಇಂಜಿನ್, ಹಲವು ಕೆಲಸ

ಟ್ರಾಲಿಯ ದೊಡ್ಡ ಲಾಭ ಇದು. ಟ್ರಾಲಿಯನ್ನು ಹೊಲದಲ್ಲಿ ಬಿಟ್ಟು ಆಳುಗಳು ತುಂಬುವಾಗ ಅದೇ ಟ್ರ್ಯಾಕ್ಟರ್ ಪಕ್ಕದ ಹೊಲ ಹೂಡಬಹುದು. ಟ್ರ್ಯಾಕ್ಟರ್ ಕೆಟ್ಟರೆ ನೆರೆಯವರ ಟ್ರ್ಯಾಕ್ಟರ್ ಬಾಡಿಗೆಗೆ ತಂದು ಟ್ರಾಲಿ ಎಳೆಸಬಹುದು. ಪಿಕಪ್ ಕೆಟ್ಟರೆ ಮಾಲೂ ಅದರ ಜೊತೆಗೇ ನಿಲ್ಲುತ್ತದೆ. ಆದರೆ ಟ್ರ್ಯಾಕ್ಟರನ್ನು ಕೇವಲ ರಸ್ತೆ ಸಾಗಣೆಗೆಂದು ಕೊಳ್ಳುವುದು ನಷ್ಟದ ಬಾಬ್ತು. ವರ್ಷದಲ್ಲಿ ಹೆಚ್ಚು ದಿನ ಹೊಲದಲ್ಲಿ ದುಡಿದರೆ ಮಾತ್ರ ಅದು ತನ್ನ ಸಾಲ ತಾನೇ ತೀರಿಸುತ್ತದೆ.

ತೆರಿಗೆಯಲ್ಲೂ ವ್ಯತ್ಯಾಸವಿದೆ. 2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ, ಸರಕು ಗಾಡಿಗಳ ಮೇಲಿನದು ಶೇ. 28ರಿಂದ 18ಕ್ಕೆ ಇಳಿಯಿತು.

ಬ್ರೇಕ್ ಮತ್ತು ಭಾರ

ಬ್ರಿಟನ್ನಿನಲ್ಲಿ ಹೊಸಬರು ಎಳೆಯುವ ಕ್ಯಾರವಾನಿನ ತೂಕ ಕಾರಿನ ತೂಕದ ಶೇ. 85 ಮೀರದಿರಲಿ ಎಂದು ಸಲಹೆ ಕೊಡುತ್ತಾರೆ. ನಮ್ಮಲ್ಲಿ ಎರಡು ಟನ್ ಆಸುಪಾಸಿನ ಟ್ರ್ಯಾಕ್ಟರ್ ತನ್ನ ಮೂರು ನಾಲ್ಕು ಪಟ್ಟು ಭಾರ ಎಳೆಯುತ್ತದೆ. ಎಳೆಯುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ಹಳ್ಳಿಯ ಬಹುತೇಕ ಟ್ರಾಲಿಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಆದ್ದರಿಂದ ಇಷ್ಟು ನೆನಪಿಡಿ:

1. ರಸ್ತೆಗೆ ಬರುವ ಮುನ್ನ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಿ. ಒಂದೇ ಕಡೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ತಿರುಗಿ ಮಗುಚುತ್ತದೆ.
2. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ.
3. ಭಾರವೆಲ್ಲ ಟ್ರಾಲಿಯ ಹಿಂಭಾಗದಲ್ಲಿ ತುಂಬಬೇಡಿ. ಹಿಂದೆ ಭಾರವಾದರೆ ಕೊಂಡಿ ಮೇಲೇಳುತ್ತದೆ, ಹಿಂಗಾಲಿಯ ಹಿಡಿತ ತಪ್ಪುತ್ತದೆ.
4. ಟ್ರಾಲಿಯ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಕತ್ತಲಲ್ಲಿ ನಿಂತ ಕಬ್ಬಿನ ಟ್ರಾಲಿ ಬೈಕಿನವರಿಗೆ ಕಾಣುವುದಿಲ್ಲ.

ಪಿಕಪ್ಪಿನಲ್ಲಿ ನಾಲ್ಕೂ ಗಾಲಿಗೆ ಬ್ರೇಕ್ ಇರುತ್ತದೆ. ಹಾಗೆಂದು ಮಿತಿ ಮೀರಿ ತುಂಬುವಂತಿಲ್ಲ. 2019ರ ತಿದ್ದುಪಡಿಯ ಪ್ರಕಾರ ಹೆಚ್ಚು ಭಾರಕ್ಕೆ ಕಾನೂನಿನ ದಂಡ 20,000 ರೂ., ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂ.

ಗಡಿ ದಾಟುವಾಗ ಕಾಗದಪತ್ರ

ಗಾಡಿಯ ನೋಂದಣಿ ದೇಶದೆಲ್ಲೆಡೆ ನಡೆಯುತ್ತದೆ. ಆದರೆ ಕರ್ನಾಟಕದ ಸಂಖ್ಯೆಯ ಗಾಡಿಯನ್ನು ತೆಲಂಗಾಣದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ಸಂಖ್ಯೆ ಪಡೆಯಲೇಬೇಕು. ಬೀದರಿನ ನೆಂಟರ ಹೆಸರಿನಲ್ಲಿ ಗಾಡಿ ಕೊಂಡು ಇಲ್ಲಿ ಓಡಿಸುವವರು ಇದನ್ನು ಗಮನಿಸಬೇಕು.

ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಒಟ್ಟು ತೂಕ, ಅಂದರೆ ಗಾಡಿ ಮತ್ತು ಮಾಲು ಸೇರಿ, 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಅದಕ್ಕಿಂತ ದೊಡ್ಡದಾದರೆ ಬೇಕು. ಆದ್ದರಿಂದ ಕೊಳ್ಳುವಾಗ ಆರ್.ಸಿ.ಯಲ್ಲಿ ಬರುವ ಒಟ್ಟು ತೂಕ ಎಷ್ಟು ಎಂದು ಶೋರೂಮಿನಲ್ಲೇ ಕೇಳಿಕೊಳ್ಳಿ.

ಟ್ರಾಲಿಗೂ ಟ್ರ್ಯಾಕ್ಟರಿನಂತೆಯೇ ಪ್ರತ್ಯೇಕ ನೋಂದಣಿ ಮತ್ತು ವಿಮೆ ಇರಬೇಕು. ಊರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಟ್ರಾಲಿಗಳಿಗೆ ಎಷ್ಟೋ ಸಲ ಎರಡೂ ಇರುವುದಿಲ್ಲ. ಲೈಸೆನ್ಸ್ ವಿಷಯದಲ್ಲಿ ಈಗ ಗೊಂದಲವಿಲ್ಲ. ಹಗುರ ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ.

ಜನರನ್ನು ಕೂರಿಸುವ ವಿಚಾರ

ಶಿವರಾತ್ರಿಗೆ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ, ಜನವರಿಯಲ್ಲಿ ಹುಮನಾಬಾದ್ ವೀರಭದ್ರೇಶ್ವರನ ಜಾತ್ರೆಗೆ ಮನೆಮಂದಿಯೆಲ್ಲ ಟ್ರಾಲಿಯಲ್ಲಿ ಹುಲ್ಲು ಹಾಸಿ ಹೊರಡುವುದು ಹಳೆಯ ರೂಢಿ. ಕಾನೂನು ಇದನ್ನು ಒಪ್ಪುವುದಿಲ್ಲ, ವಿಮೆಯೂ ಒಪ್ಪುವುದಿಲ್ಲ. ಸರಕು ಗಾಡಿಯಲ್ಲಿ ಮಾಲಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಮಾತ್ರ ವಿಮೆಯ ರಕ್ಷಣೆ ಇದೆ. ಹಾಗೇ ಹತ್ತಿಸಿಕೊಂಡ ಇತರರ ಬಗ್ಗೆ ಕಂಪನಿಗೆ ಹೊಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. 2007ರ ಇನ್ನೊಂದು ಪ್ರಕರಣದಲ್ಲಿ ಟ್ರಾಲಿಯಲ್ಲಿ ಹೋಗುತ್ತಿದ್ದ ಕೂಲಿಯಾಳು ಗಾಯಗೊಂಡಿದ್ದ. ಟ್ರ್ಯಾಕ್ಟರಿನ ವಿಮೆ ಬೇಸಾಯಕ್ಕೆ ಮಾತ್ರ ಇತ್ತು, ಟ್ರಾಲಿಗೆ ವಿಮೆಯೇ ಇರಲಿಲ್ಲ. ಕಂಪನಿ ಮೊದಲು ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟ್ ಹೇಳಿತು. ಅಂದರೆ ಕೊನೆಗೆ ಮಾರಾಟಕ್ಕೆ ಬರುವುದು ಮಾಲೀಕನ ಹೊಲವೇ.

ಆದ್ದರಿಂದ ಟ್ರಾಲಿ ಇರಲಿ, ಪಿಕಪ್ ಇರಲಿ, ಜಾತ್ರೆಗೆ ಅದು ಬೇಡ. ಬಸ್ಸಿಗೋ ಜೀಪಿಗೋ ಬಾಡಿಗೆ ಕೊಡಿ.

ಒಟ್ಟಿನಲ್ಲಿ

ಹೊಲದ ಕೆಲಸ ಹೆಚ್ಚು, ಸಾಗಣೆ ಹತ್ತಿರದ್ದು ಎಂದಾದರೆ ಟ್ರ್ಯಾಕ್ಟರ್ ಮತ್ತು ನೋಂದಣಿಯಾದ ಒಂದು ಟ್ರಾಲಿ. ಹೊಲ ಕಡಿಮೆ, ಮಾರುಕಟ್ಟೆಯ ಓಡಾಟ ಹೆಚ್ಚು ಎಂದಾದರೆ ಪಿಕಪ್. ಹೂಡಲು ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ. ಎರಡರ ನಡುವೆ ಅನುಮಾನವಿದ್ದರೆ ಕಳೆದ ವರ್ಷ ನೀವು ಕೊಟ್ಟ ಉಳುಮೆ ಬಾಡಿಗೆ ಎಷ್ಟು, ಸಾಗಣೆ ಬಾಡಿಗೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಯಾವುದು ದೊಡ್ಡದೋ ಆ ಕೆಲಸದ ಗಾಡಿ ಕೊಳ್ಳಿ.